ಮಡಕೆ ಮತ್ತು ಮಾಸ್ಕು

ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರಲ್ಲಿ ಬರೆದರು. ಕೊರೋನಾ ಕಾಲದಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಅಂದಾಗ ನಮಗೆ ನೆನಪಾದದ್ದು ಅದೇ. ಆದರೆ ಮಾಸ್ಕು ಮಡಕೆಯಲ್ಲ; ಇದನ್ನು ಊರು, ಕೇರಿ ಎರಡೂ ಕಟ್ಟಬೇಕಿತ್ತು.

ಮಕ್ಕಳಿಗೆ ಬೇಕೋ ಬೇಡವೋ ಅಂತ ಲೋಕದ ತುಂಬ ಜಗಳ. 2020ರ ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಕೂಸುಗಳಿಗೆ ಬೇಡ, ಹನ್ನೆರಡಾದವರಿಗೆ ದೊಡ್ಡವರಂತೆಯೇ ಬೇಕು ಎಂದಿತು. ನಡುವಿನ ಮಕ್ಕಳಿಗೆ ಮಾಸ್ಕು ಸಿಗುತ್ತದೆಯೇ, ಒಗೆಯಲಾಗುತ್ತದೆಯೇ ನೋಡಿ ಎಂದೂ ಸೇರಿಸಿತು. ನಮಗೆ ಬೇಕಿದ್ದ ಮಾತು ಇದು. ಕೊಳಾಯಿ ಮುಂದೆ ಒಂದು ಕೊಡಕ್ಕೇ ಬಡಿದಾಡೋ ಅವ್ವ ದಿನಾ ಮಾಸ್ಕು ಒಗೆಯೋದು ಯಾವ ನೀರಲ್ಲಿ?

2021ರ ಅಕ್ಟೋಬರ್ 25ಕ್ಕೆ ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಗಳು ತೆರೆದವು. ನಮ್ಮ ಕೇರಿಯ ಹುಡುಗಿ ಅವ್ವನ ಹಳೇ ಸೆರಗಿನ ತುಂಡು ಕಟ್ಟಿಕೊಂಡು ಹೋದಳು. ಒಂದೂವರೆ ವರ್ಷದಲ್ಲಿ ಅಕ್ಷರ ಮರೆತಿದ್ದಳು. ಬಾಗಿಲಲ್ಲಿ ಕೇಳಿದ್ದು ಮಾಸ್ಕು ಮಾತ್ರ.