ತಾಮ್ರದ ಊರುಗಳ ತಂಡ: ಜಾಂಬಿಯಾ ಫುಟ್‌ಬಾಲ್ ಸಿದ್ಧತೆಯ ಚರಿತ್ರೆ

1993ರ ಏಪ್ರಿಲ್ 27ರ ರಾತ್ರಿ ಗ್ಯಾಬನ್ ದೇಶದ ರಾಜಧಾನಿ ಲಿಬ್ರೆವಿಲ್‌ನಿಂದ ಮೇಲೇರಿದ ಜಾಂಬಿಯಾ ವಾಯುಪಡೆಯ ಬಫಲೋ ವಿಮಾನ ಕೆಲವೇ ನಿಮಿಷಗಳಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ದಡ ಅಲ್ಲಿಂದ ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಒಳಗಿದ್ದ 30 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ 18 ಮಂದಿ ರಾಷ್ಟ್ರೀಯ ಫುಟ್‌ಬಾಲ್ ತಂಡದ ಆಟಗಾರರು. ಕೋಚ್ ಗಾಡ್‌ಫ್ರೀ ಚಿತಾಲು, ಸಹಾಯಕ ಕೋಚ್ ಅಲೆಕ್ಸ್ ಚೋಲಾ, ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಮೈಕಲ್ ಮ್ವಾಪೆ ಕೂಡ ಅದೇ ವಿಮಾನದಲ್ಲಿದ್ದರು. ಸೆನೆಗಲ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ಆಡಲು ಅವರೆಲ್ಲ ಡಕಾರ್‌ಗೆ ಹೊರಟಿದ್ದರು.

ಇದಾಗಿ ಒಂದು ವರ್ಷ ತುಂಬುವ ಮೊದಲೇ, 1994ರ ಏಪ್ರಿಲ್ 10ರಂದು, ಅದೇ ದೇಶದ ಮತ್ತೊಂದು ತಂಡ ಟ್ಯುನಿಸ್ ನಗರದಲ್ಲಿ ಆಫ್ರಿಕನ್ ನೇಷನ್ಸ್ ಕಪ್‌ನ ಫೈನಲ್ ಆಡಿತು.

ಈ ಎರಡು ದಿನಗಳ ನಡುವೆ ನಡೆದದ್ದನ್ನು ಪವಾಡ ಎಂದು ಕರೆಯುವುದು ರೂಢಿ. ಕ್ರೀಡಾ ಬರಹಕ್ಕೆ ಆ ಪದ ಸಾಕಾಗಬಹುದು, ಚರಿತ್ರೆಗೆ ಸಾಲದು. ಪವಾಡ ಎಂದೊಡನೆ ಕಾರಣಗಳನ್ನು ಹುಡುಕುವ ಕೆಲಸ ನಿಂತುಹೋಗುತ್ತದೆ. ಆ ಹೊಸ ತಂಡ ಹತ್ತು ಹನ್ನೊಂದು ತಿಂಗಳಲ್ಲಿ ಸಿದ್ಧವಾದದ್ದಲ್ಲ, ಅದರ ಸಿದ್ಧತೆ ಹಲವು ದಶಕಗಳ ಹಿಂದೆಯೇ ತಾಮ್ರದ ಗಣಿ ಊರುಗಳಲ್ಲಿ ಶುರುವಾಗಿತ್ತು ಎಂಬುದು ನನ್ನ ವಾದ. ಹಳೆಯ ತಂಡವನ್ನು ಕಡಲಿಗೆ ದೂಡಿದ್ದು ಕೂಡ ಸಿದ್ಧತೆಯದೇ ಕೊರತೆ. ಒಂದೇ ವ್ಯವಸ್ಥೆ ಆಟಗಾರರನ್ನು ಬೆಳೆಸುವುದರಲ್ಲಿ ಗಟ್ಟಿಯಾಗಿತ್ತು, ಬೆಳೆಸಿದವರನ್ನು ಪಂದ್ಯಕ್ಕೆ ಕ್ಷೇಮವಾಗಿ ತಲುಪಿಸುವ ಹೊತ್ತಿಗೆ ಬರಿಗೈಯಾಗಿತ್ತು. ಈ ಎರಡನ್ನೂ ಒಟ್ಟಿಗೆ ನೋಡದೆ ಜಾಂಬಿಯಾದ ಫುಟ್‌ಬಾಲ್ ಅರ್ಥವಾಗುವುದಿಲ್ಲ.

ಬ್ರಿಟಿಷರ ಕಾಲದಲ್ಲಿ ಉತ್ತರ ರೊಡೇಶಿಯ ಎನಿಸಿಕೊಂಡಿದ್ದ ಈ ನಾಡಿನ ಉತ್ತರದ ಅಂಚಿನಲ್ಲಿ ಕಿಟ್ವೆ, ಮುಫುಲಿರಾ, ಲುವಾನ್ಶಿಯಾ, ಚಿಂಗೋಲಾ ಮೊದಲಾದ ಊರುಗಳು ಸಾಲಾಗಿ ಹುಟ್ಟಿಕೊಂಡವು. ಇಡೀ ಪಟ್ಟಿಗೆ ಕಾಪರ್‌ಬೆಲ್ಟ್ ಎಂದು ಹೆಸರು. ಗಣಿ ಕಂಪನಿಗಳು ದೂರದ ಹಳ್ಳಿಗಳಿಂದ ಕೂಲಿಗಳನ್ನು ಕರೆತಂದು ಸಾಲುಮನೆಗಳಲ್ಲಿ ಇಟ್ಟವು. 1935ರಲ್ಲಿ ಇಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು, 1940ರಲ್ಲಿ ಮತ್ತೆ ಹೂಡಿದರು. ಬಿಡುವಿನ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ ಎಂಬುದು ಆಡಳಿತಕ್ಕೆ ತಲೆನೋವಾಗಿ, ಮೈದಾನ, ಚೆಂಡು, ಬಹುಮಾನದ ಬಟ್ಟಲು ಬಂದವು. ಜಾಂಬಿಯಾದ ಇತಿಹಾಸಕಾರ ಹಿಕಾಬ್ವಾ ಚಿಪಾಂಡೆ ಈ ಆಟದ ಸಾಮಾಜಿಕ, ರಾಜಕೀಯ ಚರಿತ್ರೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಕಾರ್ಮಿಕರನ್ನು ಹದ್ದುಬಸ್ತಿನಲ್ಲಿಡಲು ಕಂಪನಿಗಳು ಪ್ರೋತ್ಸಾಹಿಸಿದ ಆಟವನ್ನು ಕಾರ್ಮಿಕರೇ ತಮ್ಮದಾಗಿಸಿಕೊಂಡರು ಎಂಬ ನೋಟ ಅಲ್ಲಿ ಸಿಗುತ್ತದೆ. ನನಗೂ ಅದೇ ಸರಿ ಎನಿಸುತ್ತದೆ. ಮೈದಾನ ಕಂಪನಿಯದಾದರೂ ಅದರ ಸುತ್ತ ನಿಂತು ಕೂಗುವ ಗಂಟಲು ಊರಿನದು.

1964ರ ಅಕ್ಟೋಬರ್ 24ರಂದು ದೇಶ ಸ್ವತಂತ್ರವಾಯಿತು. ಗಣಿಗಳಲ್ಲಿ ಸರ್ಕಾರದ ಪಾಲು 1970ರಲ್ಲಿ ಶೇ 51ಕ್ಕೆ ಏರಿತು. 1982ರಲ್ಲಿ ಎಲ್ಲ ಸೇರಿ ಝಡ್‌ಸಿಸಿಎಂ ಎಂಬ ಒಂದೇ ದೈತ್ಯ ಸಂಸ್ಥೆಯಾಯಿತು. ಕೈಗೆ ಕೆಲಸ, ವಾಸಕ್ಕೆ ಮನೆ, ಮಕ್ಕಳಿಗೆ ಶಾಲೆ, ಕಾಯಿಲೆಗೆ ಆಸ್ಪತ್ರೆ ಎಲ್ಲವನ್ನೂ ಗಣಿಯೇ ಕೊಡುತ್ತಿದ್ದ ಕಾಲವದು, ಕ್ಲಬ್ಬೂ ಆ ಪಟ್ಟಿಯಲ್ಲಿತ್ತು. ಮುಫುಲಿರಾ ವಾಂಡರರ್ಸ್, ಎನ್ಕಾನಾ ರೆಡ್ ಡೆವಿಲ್ಸ್, ರೋನ್ ಯುನೈಟೆಡ್ ಇಂಥವು ಗಣಿಯ ನೆರಳಿನಲ್ಲಿ ಬೆಳೆದ ತಂಡಗಳು. ವಿದ್ಯುತ್ ವಿಭಾಗದ ಆಶ್ರಯದಲ್ಲಿದ್ದ ಪವರ್ ಡೈನಮೋಸ್ 1991ರಲ್ಲಿ ಆಫ್ರಿಕಾದ ಕಪ್ ವಿನ್ನರ್ಸ್ ಕಪ್ ಗೆದ್ದು ಬಂತು. ಆಟಗಾರನ ಹೆಸರು ಗಣಿಯ ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು, ಸಂಬಳ ಅಲ್ಲಿಂದಲೇ ಬರುತ್ತಿತ್ತು, ಅಭ್ಯಾಸಕ್ಕೆ ಬಿಡುವು ಸಿಗುತ್ತಿತ್ತು. ಹೆಸರಿಗೆ ಹವ್ಯಾಸಿ, ಬದುಕಿನಲ್ಲಿ ಪೂರ್ಣಾವಧಿ ಆಟಗಾರ. ಆಫ್ರಿಕಾದ ಹೆಚ್ಚಿನ ದೇಶಗಳಲ್ಲಿ ಇಂಥ ಆಸರೆ ಇರಲಿಲ್ಲ. ದೊಡ್ಡ ಟೂರ್ನಿಗೆ ಆರು ವಾರದ ಶಿಬಿರ ನಡೆಸಿದರೆ ತಂಡ ಸಿದ್ಧವಾಯಿತು ಎಂದುಕೊಳ್ಳುವವರು ಈ ಹಾಜರಿ ಪುಸ್ತಕವನ್ನು ಮರೆಯಬಾರದು. ಮುಖ್ಯ ಸಿದ್ಧತೆ ನಡೆದದ್ದು ಅಲ್ಲಿಯೇ.

ಮೊದಲ ದೊಡ್ಡ ಫಲ 1974ರಲ್ಲಿ ಕಂಡಿತು. ಈಜಿಪ್ಟ್‌ನಲ್ಲಿ ನಡೆದ ನೇಷನ್ಸ್ ಕಪ್‌ನ ಫೈನಲ್‌ನಲ್ಲಿ ಜಾಂಬಿಯಾ ಜೈರ್ ವಿರುದ್ಧ 2-2 ಸಮ ಮಾಡಿಕೊಂಡು, ಮರುಪಂದ್ಯದಲ್ಲಿ 0-2ರಿಂದ ಸೋತಿತು. ಅಧ್ಯಕ್ಷ ಕೆನೆತ್ ಕೌಂಡಾ ಫುಟ್‌ಬಾಲ್ ಎಂದರೆ ಪ್ರಾಣ ಬಿಡುತ್ತಿದ್ದರು, ಹಾಗಾಗಿ ತಂಡಕ್ಕೆ ‘ಕೆಕೆ ಇಲೆವೆನ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. 1982 ಮತ್ತು 1990ರ ನೇಷನ್ಸ್ ಕಪ್‌ಗಳಲ್ಲಿ ಮೂರನೇ ಸ್ಥಾನ. ನಡುವೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಇಟಲಿಯನ್ನು 4-0 ಗೋಲುಗಳಿಂದ ಮಣಿಸಿದ ಪಂದ್ಯ. ಗ್ವಾಂಗ್ಜುವಿನಲ್ಲಿ ನಡೆದ ಆ ಪಂದ್ಯದಲ್ಲಿ ಮೂರು ಗೋಲು ಮುಫುಲಿರಾದ ಹುಡುಗ ಕಲುಶಾ ಬ್ವಾಲ್ಯಾ ಅವರದು, ಒಂದು ಜಾನ್ಸನ್ ಬ್ವಾಲ್ಯಾ ಅವರದು. ಈ ಎರಡು ಹೆಸರುಗಳು ಮತ್ತೆ ಬರುತ್ತವೆ.

ಇಷ್ಟೆಲ್ಲ ನಡೆಯುವಾಗಲೇ ತಳ ಕುಸಿಯತೊಡಗಿತ್ತು. 1975ರ ಹೊತ್ತಿಗೆ ತಾಮ್ರದ ಬೆಲೆ ಬಿದ್ದು, ದೇಶ ಸಾಲದ ಸುಳಿಗೆ ಸಿಕ್ಕಿತು. 1988ರ ನೇಷನ್ಸ್ ಕಪ್ ಜಾಂಬಿಯಾದಲ್ಲೇ ನಡೆಯಬೇಕಿತ್ತು. ಹಣವಿಲ್ಲದೆ ಕೈಬಿಟ್ಟದ್ದರಿಂದ ಅದು ಮೊರಾಕ್ಕೊಗೆ ಹೋಯಿತು. 1991ರ ಅಕ್ಟೋಬರ್‌ನಲ್ಲಿ ಕೌಂಡಾ ಚುನಾವಣೆಯಲ್ಲಿ ಸೋತು ಫ್ರೆಡರಿಕ್ ಚಿಲುಬಾ ಗೆದ್ದರು. ಖಾಸಗೀಕರಣದ ಗಾಳಿ ಬೀಸಿತು, ತಂಡದ ಅಡ್ಡಹೆಸರು ಕೂಡ ಬದಲಾಯಿತು. ಬೆಂಬಾ ಭಾಷೆಯ ‘ಚಿಪೊಲೊಪೊಲೊ’, ಅಂದರೆ ಗುಂಡು, ತಾಮ್ರದ ಗುಂಡು. ಅಧ್ಯಕ್ಷರ ಹೆಸರು ಹೋಗಿ ಲೋಹದ ಹೆಸರು ಬಂತು, ಆದರೆ ಆ ಲೋಹ ತಂಡವನ್ನು ಸಾಕುವ ಶಕ್ತಿಯನ್ನು ಆಗಲೇ ಕಳೆದುಕೊಳ್ಳುತ್ತಿತ್ತು.

ಈಗ ವಿಮಾನದ ವಿಚಾರಕ್ಕೆ ಬರೋಣ. ಫುಟ್‌ಬಾಲ್ ಚರಿತ್ರೆಯಲ್ಲಿ ಪ್ರಯಾಣವನ್ನು ಅಡಿಟಿಪ್ಪಣಿಗೆ ತಳ್ಳುವ ಅಭ್ಯಾಸವಿದೆ, ಆದರೆ ಆಫ್ರಿಕಾದ ಮಟ್ಟಿಗೆ ಅದು ಸಿದ್ಧತೆಯ ನಡುಭಾಗ. ರಾಜಧಾನಿ ಲುಸಾಕಾದಿಂದ ಡಕಾರ್‌ಗೆ ನೇರ ಗೆರೆ ಎಳೆದರೂ 6,000 ಕಿ.ಮೀ. ಟಿಕೆಟ್ ಕೊಂಡು ಸಾಮಾನ್ಯ ವಿಮಾನದಲ್ಲಿ ಕಳಿಸಲು ಫುಟ್‌ಬಾಲ್ ಸಂಸ್ಥೆಯ ಬಳಿ ದುಡ್ಡಿರಲಿಲ್ಲ, ವಾಯುಪಡೆಯ ಬಫಲೋ ಸಿಕ್ಕಿತು. ಎರಡು ಟರ್ಬೊಪ್ರಾಪ್ ಎಂಜಿನ್‌ಗಳ ಈ ವಿಮಾನವನ್ನು ರೂಪಿಸಿದ್ದು ಸೈನಿಕರನ್ನೂ ಸರಕನ್ನೂ ಹೊತ್ತು ಚಿಕ್ಕ ಓಡುದಾರಿಗಳಲ್ಲಿ ಏರಿಳಿಯುವುದಕ್ಕೆ. ಖಂಡವನ್ನು ಒಂದೇ ಉಸಿರಿಗೆ ದಾಟುವುದು ಅದರ ಕೆಲಸವಲ್ಲ. ಹಾಗಾಗಿ ಬ್ರಜಾವಿಲ್, ಲಿಬ್ರೆವಿಲ್, ಅಬಿಜಾನ್ ಎಂದು ಮೂರು ಕಡೆ ಇಳಿದು ಇಂಧನ ತುಂಬಿಸಿಕೊಂಡು ಹೋಗುವ ಏರ್ಪಾಡಾಯಿತು.

ಏಪ್ರಿಲ್ 25ರಂದು ಈ ಹುಡುಗರು ಹಿಂದೂ ಮಹಾಸಾಗರದ ಮಾರಿಷಸ್‌ನಲ್ಲಿ ನೇಷನ್ಸ್ ಕಪ್‌ನ ಅರ್ಹತಾ ಪಂದ್ಯ ಆಡಿ 3-0ರಿಂದ ಗೆದ್ದಿದ್ದರು, ಮೂರೂ ಗೋಲು ಕೆಲ್ವಿನ್ ಮುಟಾಲೆ ಅವರದು. ಎರಡೇ ದಿನಗಳ ಮೇಲೆ ಖಂಡದ ಇನ್ನೊಂದು ಮಗ್ಗುಲಿಗೆ ಹೊರಟರು. ಬ್ರಜಾವಿಲ್‌ನಲ್ಲೇ ಎಂಜಿನ್ ತೊಂದರೆ ಕಂಡಿತ್ತು, ಆದರೂ ಪ್ರಯಾಣ ಮುಂದುವರಿಯಿತು. 2003ರಲ್ಲಿ ಹೊರಬಂದ ಗ್ಯಾಬನ್‌ನ ತನಿಖಾ ವರದಿಯ ಪ್ರಕಾರ, ಲಿಬ್ರೆವಿಲ್‌ನಿಂದ ಮೇಲೇರುವಾಗ ಎಡಗಡೆಯ ಎಂಜಿನ್‌ಗೆ ಬೆಂಕಿ ಹತ್ತಿತು. ಪೈಲಟ್ ಆರಿಸಿದ್ದು ಬಲಗಡೆಯ, ಸರಿಯಾಗಿದ್ದ ಎಂಜಿನ್ ಅನ್ನು. ಸೂಚಕ ದೀಪ ಕೆಟ್ಟಿತ್ತು. ಹಿಂದಿನ ದಿನವಷ್ಟೇ ಅದೇ ಪೈಲಟ್ ಮಾರಿಷಸ್‌ನಿಂದ ತಂಡವನ್ನು ಕರೆತಂದಿದ್ದರು, ಆ ದಣಿವು ಮೈಯಲ್ಲಿತ್ತು. ಕೆಟ್ಟ ದೀಪ, ನಿದ್ದೆಗೆಟ್ಟ ಕಣ್ಣು, ಹಳೆಯ ಎಂಜಿನ್ ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ಅವಘಡ. ಅದಕ್ಕೂ ಹಿಂದಿನ ಹದಿನೈದು ವರ್ಷಗಳ ಲೆಕ್ಕಪುಸ್ತಕದ ಜೊತೆಗಿಟ್ಟು ನೋಡಿದರೆ ಹಣದ ಕೊರತೆ ಎಂಬ ಒಂದೇ ಮೂಲಕ್ಕೆ ಮೂರೂ ಹೋಗಿ ಸೇರುತ್ತವೆ. ಜಾಂಬಿಯಾ ಸರ್ಕಾರದ ಸ್ವಂತ ತನಿಖೆಯ ವಿವರ ಹೊರಬರಬೇಕೆಂದು ಮಡಿದವರ ಮನೆಯವರು ವರ್ಷಾನುಗಟ್ಟಲೆ ಕೇಳುತ್ತ ಬಂದರು. ಅವರ ಬೇಡಿಕೆ ಪೂರ್ತಿ ನ್ಯಾಯವಾದದ್ದು. ಅಣ್ಣನನ್ನೋ ಗಂಡನನ್ನೋ ದೇಶದ ಕೆಲಸಕ್ಕೆ ಕಳಿಸಿಕೊಟ್ಟವರಿಗೆ ಅಷ್ಟು ಉತ್ತರ ಸಲ್ಲಬೇಕಿತ್ತು.

ಮಡಿದವರನ್ನು ಲುಸಾಕಾದ ಇಂಡಿಪೆಂಡೆನ್ಸ್ ಸ್ಟೇಡಿಯಂ ಪಕ್ಕದಲ್ಲೇ ಮಣ್ಣು ಮಾಡಿದರು. ಆ ಜಾಗಕ್ಕೆ ಹೀರೋಸ್ ಏಕರ್ ಎಂದು ಹೆಸರು.

ವಿಮಾನದಲ್ಲಿ ಇಲ್ಲದವರು ಕೆಲವರಿದ್ದರು. ಕಲುಶಾ ನೆದರ್ಲೆಂಡ್ಸ್‌ನ ಪಿಎಸ್‌ವಿ ಕ್ಲಬ್‌ನಲ್ಲಿದ್ದರು, ಯುರೋಪಿನಿಂದ ನೇರ ಡಕಾರ್‌ಗೆ ಬರುವವರಿದ್ದರು. ಜಾನ್ಸನ್ ಬ್ವಾಲ್ಯಾ ಸ್ವಿಟ್ಜರ್ಲೆಂಡ್‌ನಲ್ಲಿದ್ದರು. ಬೆಲ್ಜಿಯಂನಲ್ಲಿ ಆಡುತ್ತಿದ್ದ ಚಾರ್ಲ್ಸ್ ಮುಸೊಂಡಾ ಗಾಯಗೊಂಡಿದ್ದರು. ಉಳಿದ ಜಾಗಗಳನ್ನು ತುಂಬುವುದು ಹೇಗೆ? ದೇಶದ ಕ್ಲಬ್‌ಗಳಿಂದ ಹುಡುಗರನ್ನು ಕರೆಸಿ ಆಯ್ಕೆ ನಡೆಸಿದರು. ಡೆನ್ಮಾರ್ಕ್ ನೆರವಿಗೆ ಬಂದು ತನ್ನ ನೆಲದಲ್ಲೇ ತರಬೇತಿ ಶಿಬಿರಕ್ಕೆ ಅವಕಾಶ ಕೊಟ್ಟಿತು. ಆ ದೇಶದ ಕೋಚ್ ರೋಆಲ್ಡ್ ಪೌಲ್ಸೆನ್ ತಂಡದ ಹೊಣೆ ಹೊತ್ತರು. ಡೆನ್ಮಾರ್ಕ್‌ನ ಹುಲ್ಲುಗಾವಲಿನಂಥ ಮೈದಾನಗಳು ಉಪಕಾರ ಮಾಡಿದವು ನಿಜ. ಆದರೆ ಕೆಲವು ವಾರಗಳಲ್ಲಿ ಯಾವ ಕೋಚೂ ಒಬ್ಬ ಡಿಫೆಂಡರನ್ನು ಶೂನ್ಯದಿಂದ ಕಡೆದು ನಿಲ್ಲಿಸಲಾರರು. ಅವರ ಕೈಗೆ ಸಿಕ್ಕಿದ್ದು ಗಣಿ ಊರುಗಳ ಲೀಗ್‌ನಲ್ಲಿ ವಾರವಾರವೂ ಆಡಿ ಹದವಾದ ಕಾಲುಗಳು. 18 ಮಂದಿ ಹೋದ ಮೇಲೆ ಮತ್ತೆ 18 ಮಂದಿ ಸಿಕ್ಕಿದ್ದು ಆ ಲೀಗ್ ಇದ್ದುದರಿಂದ.

1993ರ ಜುಲೈ 4ರಂದು ಇಂಡಿಪೆಂಡೆನ್ಸ್ ಸ್ಟೇಡಿಯಂನಲ್ಲಿ ಮೊರಾಕ್ಕೊ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ಹೀರೋಸ್ ಏಕರ್‌ನ ಮಣ್ಣು ಇನ್ನೂ ಹಸಿ. ಮೊದಲ ಗೋಲು ಮೊರಾಕ್ಕೊದ್ದು. ಆಮೇಲೆ ಜಾಂಬಿಯಾಕ್ಕೆ ಒಂದು ಫ್ರೀ ಕಿಕ್ ಸಿಕ್ಕಿತು, ಕಲುಶಾ ಮುಂದೆ ಬಂದರು. ಎಡಗಾಲಿನ ಆಟಗಾರ. ಚೆಂಡು ಎದುರಾಳಿಗಳ ಗೋಡೆಯನ್ನು ದಾಟಿ ಬಲೆಗೆ ಬಿತ್ತು, 1-1. ಎರಡನೆಯದನ್ನು ಜಾನ್ಸನ್ ಬ್ವಾಲ್ಯಾ ಹೊಡೆದರು, 2-1. ಐದು ವರ್ಷದ ಹಿಂದೆ ಇಟಲಿಯ ವಿರುದ್ಧ ನಾಲ್ಕೂ ಗೋಲು ಹೊಡೆದಿದ್ದ ಇಬ್ಬರೇ ಆ ದಿನವೂ ಗೋಲು ಹೊಡೆದರು. ಹೊರದೇಶದಲ್ಲಿ ದುಡಿಯುತ್ತಿದ್ದುದರಿಂದ ಜೀವ ಉಳಿದ ಇಬ್ಬರು, ಗೆಳೆಯರ ಗೋರಿಗಳ ಪಕ್ಕದ ಮೈದಾನದಲ್ಲಿ.

ಆ ತಿಂಗಳಲ್ಲೇ ಹರಾರೆಯಲ್ಲಿ ಜಿಂಬಾಬ್ವೆ ವಿರುದ್ಧ 1-1 ಸಮ, ಗೋಲು ಮತ್ತೆ ಕಲುಶಾ ಅವರದು. ಅದರೊಂದಿಗೆ ನೇಷನ್ಸ್ ಕಪ್‌ಗೆ ಅರ್ಹತೆ ಸಿಕ್ಕಿತು. ವಿಶ್ವಕಪ್‌ನ ಕಡೆ ಡಕಾರ್‌ನಲ್ಲಿ 0-0, ಲುಸಾಕಾದಲ್ಲಿ ಸೆನೆಗಲ್ ಮೇಲೆ 4-0 ಗೆಲುವು. ಅಕ್ಟೋಬರ್‌ನಲ್ಲಿ ಕಾಸಾಬ್ಲಾಂಕಾದಲ್ಲಿ ಮೊರಾಕ್ಕೊ ವಿರುದ್ಧದ ಕೊನೆಯ ಪಂದ್ಯ ಸಮವಾಗಿದ್ದರೂ ಸಾಕಿತ್ತು, 0-1ರಿಂದ ಸೋತರು. ಅಮೆರಿಕದ ವಿಶ್ವಕಪ್ ಒಂದೇ ಒಂದು ಅಂಕದಲ್ಲಿ ತಪ್ಪಿತು.

ಟ್ಯುನೀಷಿಯಾಕ್ಕೆ ಹೋಗುವ ಹೊತ್ತಿಗೆ ಕೋಚ್ ಸ್ಥಾನದಲ್ಲಿ ಸ್ಕಾಟ್ಲೆಂಡ್‌ನ ಇಯಾನ್ ಪೋರ್ಟರ್‌ಫೀಲ್ಡ್ ಇದ್ದರು. 1973ರ ಎಫ್‌ಎ ಕಪ್ ಫೈನಲ್‌ನಲ್ಲಿ ಸಂಡರ್ಲೆಂಡ್ ಪರ ಗೆಲುವಿನ ಗೋಲು ಹೊಡೆದಿದ್ದವರು. ಸಿಯೆರಾ ಲಿಯೋನ್ ಜೊತೆ 0-0, ಐವರಿ ಕೋಸ್ಟ್ ಮೇಲೆ 1-0. ಕ್ವಾರ್ಟರ್ ಫೈನಲ್‌ನಲ್ಲಿ ಸೆನೆಗಲ್ ಮೇಲೆ 1-0, ಸೆಮಿಫೈನಲ್‌ನಲ್ಲಿ ಮಾಲಿ ಮೇಲೆ 4-0. ಫೈನಲ್‌ವರೆಗಿನ ನಾಲ್ಕು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಭಾವಾವೇಶದಿಂದ ಒಂದು ಪಂದ್ಯ ಗೆಲ್ಲಬಹುದು, ನಾಲ್ಕು ಪಂದ್ಯ ಗೋಲುಬಾಯಿ ಕಾಯುವುದಕ್ಕೆ ಒಬ್ಬರ ಚಲನೆ ಇನ್ನೊಬ್ಬರಿಗೆ ತಿಳಿದಿರಬೇಕು. ಫೈನಲ್‌ನ ಆರಂಭದ ನಿಮಿಷಗಳಲ್ಲೇ ಎಲಿಜಾ ಲಿಟಾನಾ ಜಾಂಬಿಯಾಕ್ಕೆ ಮುನ್ನಡೆ ಕೊಟ್ಟರು. ನೈಜೀರಿಯಾದ ಎಮ್ಯಾನುಯೆಲ್ ಅಮುನಿಕೆ ಸ್ವಲ್ಪ ಹೊತ್ತಿನಲ್ಲೇ ಸಮ ಮಾಡಿ, ವಿರಾಮದ ನಂತರ ಇನ್ನೊಂದು ಹೊಡೆದರು. 1-2.

ಆಮೇಲೆ ಗಣಿಗಳು ಮಾರಾಟವಾದವು. 1997ರಿಂದ 2000ದವರೆಗೆ ಝಡ್‌ಸಿಸಿಎಂ ಹೋಳುಹೋಳಾಗಿ ಖಾಸಗಿಯವರ ಪಾಲಾಯಿತು, ಕ್ಲಬ್‌ಗಳ ಹಳೆಯ ಆಸರೆ ಸಡಿಲವಾಯಿತು. ಹಾಗಾದರೆ 2012ರಲ್ಲಿ ಜಾಂಬಿಯಾ ಕಪ್ ಗೆದ್ದದ್ದು ಹೇಗೆ? ನನ್ನ ವಾದಕ್ಕೆ ಇದು ತೊಡಕಿನ ಪ್ರಶ್ನೆ, ಬದಿಗೆ ಸರಿಸುವಂತಿಲ್ಲ. ಆ ಸಲ ಗ್ಯಾಬನ್ ಮತ್ತು ಇಕ್ವೆಟೋರಿಯಲ್ ಗಿನಿ ಜಂಟಿ ಆತಿಥೇಯರು. ಫ್ರಾನ್ಸ್‌ನ ಹರ್ವೆ ರೆನಾರ್ ಕೋಚ್, ಕ್ರಿಸ್ಟೋಫರ್ ಕಟೊಂಗೊ ನಾಯಕ, ಕಲುಶಾ ಆಗ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ. ಫೈನಲ್ ನಡೆಯಬೇಕಿದ್ದದ್ದು ಲಿಬ್ರೆವಿಲ್‌ನಲ್ಲಿ. ಪಂದ್ಯಕ್ಕೆ ಮುನ್ನ ಇಡೀ ತಂಡ ಕಡಲ ದಡಕ್ಕೆ ಹೋಗಿ, ವಿಮಾನ ಬಿದ್ದ ನೀರಿಗೆ ಹೂ ಬಿಟ್ಟು ಬಂತು.

ತಂಡದ ಪಟ್ಟಿಯನ್ನು ಕ್ಲಬ್ಬಿನ ಹೆಸರುಗಳೊಂದಿಗೆ ಓದಿದಾಗ ಉತ್ತರದ ಒಂದು ತುದಿ ಸಿಗುತ್ತದೆ. ಸ್ಟೊಪಿಲಾ ಸುಂಜು, ರೈನ್‌ಫೋರ್ಡ್ ಕಲಾಬಾ ಆಡುತ್ತಿದ್ದದ್ದು ಟಿಪಿ ಮಜೆಂಬೆಗೆ. ಆ ಕ್ಲಬ್ ಇರುವುದು ಗಡಿಯಾಚೆ, ಕಾಂಗೊ ದೇಶದ ಲುಬುಂಬಾಶಿಯಲ್ಲಿ. ಅಲ್ಲಿನ ನೆಲದಡಿಯೂ ಅದೇ ತಾಮ್ರದ ಪಟ್ಟಿ ಮುಂದುವರಿದಿದೆ, ಕ್ಲಬ್ಬಿನ ಒಡೆಯ ಮೊಯಿಸ್ ಕಟುಂಬಿ ಅವರ ಸಂಪತ್ತಿನ ಹಿಂದೆಯೂ ಗಣಿ ವ್ಯವಹಾರವಿದೆ. ಗಡಿಯ ಈಚೆ ಸೊರಗಿದ ಆಸರೆ ಆಚೆ ಬೇರೆ ರೂಪದಲ್ಲಿ ಎದ್ದು ನಿಂತಿತ್ತು.

2012ರ ಫೆಬ್ರುವರಿ 12. ಐವರಿ ಕೋಸ್ಟ್ ವಿರುದ್ಧ ಹೆಚ್ಚುವರಿ ಸಮಯ ಮುಗಿದರೂ 0-0. ಪೆನಾಲ್ಟಿಗಳಲ್ಲಿ 7-7 ಆದ ಮೇಲೆ ಐವರಿ ಕೋಸ್ಟ್‌ನ ಕೋಲೊ ಟೂರೆ ಒದ್ದದ್ದನ್ನು ಗೋಲ್‌ಕೀಪರ್ ಕೆನೆಡಿ ಮ್ವೀನೆ ತಡೆದರು. ಕಲಾಬಾ ಮೇಲಕ್ಕೆ ಹೊಡೆದು ಅವಕಾಶ ಕಳೆದುಕೊಂಡರು. ಜೆರ್ವಿನ್ಹೊ ಕೂಡ ತಪ್ಪಿದರು. ಚಿಲಿಲಬೊಂಬ್ವೆ ಎಂಬ ಗಡಿಯಂಚಿನ ಗಣಿ ಊರಿನ ಕೊಂಕೋಲಾ ಬ್ಲೇಡ್ಸ್ ತಂಡದಲ್ಲಿ ಆಡಿ ಬೆಳೆದ ಸುಂಜು ಚೆಂಡಿನ ಕಡೆ ನಡೆದು ಬಂದರು. ಜೊತೆಗಾರರು ನಡುಗೆರೆಯ ಬಳಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. 8-7.