ಕೌಟುಂಬಿಕ ದೌರ್ಜನ್ಯದ ಅಧ್ಯಯನದಲ್ಲಿ ಸಮುದಾಯದ ಸಹಭಾಗಿತ್ವ

ದೌರ್ಜನ್ಯಕ್ಕೆ ಒಳಗಾದ ಸ್ತ್ರೀಯರನ್ನೂ ಅವರಿಗೆ ಆಶ್ರಯವಿತ್ತ ಸಂಘಟನೆಗಳನ್ನೂ ಕೇವಲ ಉತ್ತರ ಕೊಡತಕ್ಕವರೆಂದು ಎಣಿಸದೆ, ಪ್ರಶ್ನೆಗಳನ್ನು ರೂಪಿಸುವುದು ಮೊದಲ್ಗೊಂಡು ಫಲಿತಾಂಶಗಳನ್ನು ವಿನಿಯೋಗಿಸುವವರೆಗೆ ಸಂಶೋಧಕರ ಸರಿಸಮಾನ ಪಾಲುದಾರರನ್ನಾಗಿ ಮಾಡಿಕೊಳ್ಳುವ ಅಧ್ಯಯನಕ್ರಮವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. ಕುರ್ಟ್ ಲೆವಿನ್ 1946ರಲ್ಲಿ ಪ್ರತಿಪಾದಿಸಿದ ಕ್ರಿಯಾಸಂಶೋಧನೆ, ಬ್ರೆಜಿಲ್ಲಿನ ಪೌಲೊ ಫ್ರೇರೆಯ ಶಿಕ್ಷಣಚಿಂತನೆ, 1977ರಲ್ಲಿ ಕೊಲಂಬಿಯದ ಕಾರ್ತಹೇನಾ ನಗರದಲ್ಲಿ ಓರ್ಲಾಂಡೊ ಫಾಲ್ಸ್ ಬೋರ್ದಾ ಮೊದಲಾದವರು ಸೇರಿಸಿದ ವಿದ್ವದ್ಗೋಷ್ಠಿ, ಇವು ಅದರ ತಾತ್ತ್ವಿಕ ಮೂಲಗಳು. ಆದರೆ ಮನೆಯೊಳಗಣ ಹಿಂಸೆಯ ವಿಷಯದಲ್ಲಿ ಅದಕ್ಕೆ ನೆಲೆಯನ್ನು ಒದಗಿಸಿದುವು 1970ರ ದಶಕದ ಮಹಿಳಾ ಆಂದೋಲನವು ಕಟ್ಟಿದ ಆಶ್ರಯಗೃಹಗಳು. ವಿಶ್ವವಿದ್ಯಾನಿಲಯಗಳು ಈ ವಿಷಯವನ್ನು ಶಾಸ್ತ್ರಯೋಗ್ಯವೆಂದು ಪರಿಗಣಿಸುವುದಕ್ಕೆ ಮುನ್ನವೇ ಅಲ್ಲಿನ ಕಾರ್ಯಕರ್ತೆಯರು ಅದನ್ನು ನಿತ್ಯವೂ ಕಾಣುತ್ತಲಿದ್ದರು.

ಅಮೆರಿಕದ ಮಿನ್ನೆಸೋಟ ಪ್ರಾಂತ್ಯದ ಡುಲೂತ್ ಪಟ್ಟಣದಲ್ಲಿ 1980ರ ದಶಕದ ಆರಂಭದಲ್ಲಿ ಎಲೆನ್ ಪೆನ್ಸ್ ಮತ್ತು ಅವರ ಸಹೋದ್ಯೋಗಿಗಳು ಕೈಗೊಂಡ ಕಾರ್ಯ ಇದಕ್ಕೊಂದು ಪೂರ್ವೋದಾಹರಣೆ. ಅಂದು ಪ್ರಚಲಿತವಿದ್ದ ಸಿದ್ಧಾಂತಗಳು ತಮ್ಮ ಬಾಳನ್ನು ಯಥಾವತ್ತಾಗಿ ವರ್ಣಿಸುವುದಿಲ್ಲವೆಂದು ಪೆಟ್ಟುತಿಂದ ಸ್ತ್ರೀಯರು ಹೇಳಲಾಗಿ, ಇನ್ನೂರಕ್ಕೂ ಮಿಕ್ಕಿದ ಸ್ತ್ರೀಯರೊಡನೆ ಗುಂಪುಗುಂಪಾಗಿ ಚರ್ಚಿಸಿ, ಬೆದರಿಕೆ, ಅವಮಾನ, ಬಂಧುಬಳಗದಿಂದ ದೂರವಿಡುವುದು, ಹಣವನ್ನು ಕೈಗೆ ಕೊಡದಿರುವುದು, ಮಕ್ಕಳನ್ನು ಅಸ್ತ್ರವಾಗಿ ಬಳಸುವುದು ಮುಂತಾದ ಎಂಟು ಉಪಾಯಗಳನ್ನು ಅರಗಳನ್ನಾಗಿ ತೋರಿಸುವ ಅಧಿಕಾರ ಮತ್ತು ನಿಯಂತ್ರಣದ ಚಕ್ರವನ್ನು 1984ರಲ್ಲಿ ರಚಿಸಿದರು. ಹೊಡೆತವೊಂದನ್ನೇ ಎಣಿಸುತ್ತಿದ್ದ ಶಾಸ್ತ್ರಕ್ಕೆ ಹೊಡೆತಗಳ ನಡುವಣ ದಿನಗಳನ್ನೂ ಕಾಣಿಸಿದುದು ಈ ಚಕ್ರದ ಹಿರಿಮೆ. ಹೊಡೆಯುವ ಪುರುಷರೆಲ್ಲರಲ್ಲಿಯೂ ಅಧಿಕಾರದ ಹಂಬಲವನ್ನೇ ಕಂಡುದು ತಮ್ಮ ಪೂರ್ವಗ್ರಹವಾಗಿದ್ದಿತೆಂದು ಪೆನ್ಸ್ ಅವರೇ ಮುಂದೆ ಬರೆದರು. ಸಹಭಾಗಿತ್ವವು ಪರಾಮರ್ಶೆಗೆ ಬದಲಿಯಲ್ಲವೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿದವರು ವಿರಳ.

ಈ ಕ್ರಮದ ಸಾಮರ್ಥ್ಯವು ಪೂರ್ಣವಾಗಿ ಪ್ರಕಟಗೊಂಡುದು ಮಧ್ಯ ಅಮೆರಿಕದ ನಿಕರಾಗುವದಲ್ಲಿ. ಕಾನೂನಿನ ಸುಧಾರಣೆಯನ್ನು ಬೇಡುತ್ತಿದ್ದ ಅಲ್ಲಿನ ಮಹಿಳಾ ಸಂಘಟನೆಗಳ ಜಾಲಕ್ಕೆ, ಹಿಂಸೆಯು ಅಲ್ಲೊಂದು ಇಲ್ಲೊಂದು ಮನೆಯ ದುರದೃಷ್ಟವಲ್ಲವೆಂದು ನಿರೂಪಿಸುವ ಪ್ರಮಾಣ ಬೇಕಾಗಿದ್ದಿತು. 1995ರಲ್ಲಿ ಮೇರಿ ಎಲ್ಸ್‌ಬರ್ಗ್ ಮತ್ತು ರೊಡೊಲ್ಫೊ ಪೆನ್ಯಾ ಅವರು ಆ ಜಾಲದ ಒಡಗೂಡಿ, ಲಿಯೋನ್ ನಗರದ ವಿಶ್ವವಿದ್ಯಾನಿಲಯ ಹಾಗೂ ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿ, 15ರಿಂದ 49 ವರ್ಷ ವಯಸ್ಸಿನ 488 ಸ್ತ್ರೀಯರ ಸಮೀಕ್ಷೆಯನ್ನು ನಡೆಸಿದರು. ವಿವಾಹಿತರಾಗಿದ್ದ ಅಥವಾ ಸಂಗಾತಿಯೊಡನೆ ಬಾಳಿದ್ದವರಲ್ಲಿ ಶೇ. 52 ಮಂದಿ ಒಮ್ಮೆಯಾದರೂ ಆತನಿಂದ ದೈಹಿಕ ಹಿಂಸೆಯನ್ನು ಅನುಭವಿಸಿದ್ದರೆಂದು ಅದರಿಂದ ತಿಳಿದುಬಂದಿತು. ಸಂಘಟನೆಗಳು ಈ ಅಂಕಿಯನ್ನು ಶಾಸನಸಭೆಗೆ ಒಯ್ದುವು. 1996ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧದ 230ನೆಯ ಕಾನೂನು ಅಂಗೀಕೃತವಾಯಿತು.

ಇದಕ್ಕಿಂತಲೂ ಗಮನಾರ್ಹವಾದುದು ಅನಂತರದ ಒಂದು ತುಲನೆ. 1998ರ ರಾಷ್ಟ್ರೀಯ ಜನಸಂಖ್ಯಾ ಹಾಗೂ ಆರೋಗ್ಯ ಸಮೀಕ್ಷೆಯು ಅದೇ ದೇಶದಲ್ಲಿ ಇಂತಹ ಹಿಂಸೆಯನ್ನು ಅನುಭವಿಸಿದ ಸ್ತ್ರೀಯರ ಪ್ರಮಾಣ ಶೇ. 28 ಮಾತ್ರವೆಂದು ತೋರಿಸಿದರೆ, ರಾಜಧಾನಿ ಮನಾಗುವದಲ್ಲಿ ನಡೆದ ಮತ್ತೊಂದು ಅಧ್ಯಯನವು ಅದನ್ನು ಶೇ. 69 ಎಂದು ಕಂಡಿತು. ಈ ಅಂತರವನ್ನು ಪರಿಶೀಲಿಸಿದ ಎಲ್ಸ್‌ಬರ್ಗ್ ಮತ್ತು ಅವರ ಸಂಗಡಿಗರು, ಪ್ರಶ್ನಿಸುವವರ ತರಬೇತಿ, ಏಕಾಂತ, ಪ್ರಶ್ನೆಯನ್ನು ಮುಂದಿಡುವ ರೀತಿ, ಇವುಗಳಿಗೆ ಅನುಸಾರವಾಗಿ ಸತ್ಯವು ಹೊರಬೀಳುತ್ತದೆ ಇಲ್ಲವೆ ಒಳಗೇ ಉಳಿಯುತ್ತದೆಂದು ನಿರ್ಣಯಿಸಿದರು. ಅತ್ತೆಯೋ ಗಂಡನೋ ಬಾಗಿಲಬಳಿ ನಿಂತಿರುವಾಗ ಯಾವ ಸೊಸೆ ಬಾಯಿಬಿಟ್ಟಾಳು? ಆದಕಾರಣ ಸಮುದಾಯದ ವಿಶ್ವಾಸವನ್ನು ಸಂಪಾದಿಸುವುದು ಕರುಣೆಯ ಮಾತಷ್ಟೇ ಅಲ್ಲ, ಶಾಸ್ತ್ರೀಯ ನಿಷ್ಕೃಷ್ಟತೆಯ ಮಾತೂ ಹೌದು.

ವಿಶ್ವ ಆರೋಗ್ಯ ಸಂಸ್ಥೆಯ ನೀತಿಸೂತ್ರಗಳು ಇದನ್ನೇ ವಿಧಿಯನ್ನಾಗಿಸಿದುವು: ಸ್ತ್ರೀಯ ಸುರಕ್ಷತೆ ಮೊದಲು, ಒಂದು ಮನೆಯಲ್ಲಿ ಒಬ್ಬಳನ್ನೇ ಸಂದರ್ಶಿಸುವುದು, ನೆರವಿನ ದಾರಿಯನ್ನು ತೋರಿಸಲು ಸಿದ್ಧವಾಗಿರುವುದು. ಆ ಸಂಸ್ಥೆಯು 2005ರಲ್ಲಿ ಪ್ರಕಟಿಸಿದ, ಹತ್ತು ದೇಶಗಳ 24,000ಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡ ಅಧ್ಯಯನದಲ್ಲಿ ಮಹಿಳಾ ಸಂಘಟನೆಗಳು ಸಂಶೋಧಕರೊಡನೆ ದುಡಿದುವು.

ಕನ್ನಡನಾಡಿನಲ್ಲಿಯೂ ಇಂತಹ ಜ್ಞಾನವು ಚಳವಳಿಯಿಂದಲೇ ಉದ್ಭವಿಸಿತು. 1979ರಲ್ಲಿ ಆರಂಭವಾದ ಬೆಂಗಳೂರಿನ ವಿಮೋಚನಾ ಸಂಘಟನೆಯು 1990ರ ದಶಕದಲ್ಲಿ ಪೊಲೀಸ್ ದಾಖಲೆಗಳನ್ನೂ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡನ್ನೂ ಆಧರಿಸಿ, ಸ್ಟವ್ ಸಿಡಿದು ಸಂಭವಿಸಿದ ಆಕಸ್ಮಿಕಗಳೆಂದು ಮುಚ್ಚಿಹೋಗುತ್ತಿದ್ದ ವಿವಾಹಿತೆಯರ ಅಸ್ವಾಭಾವಿಕ ಮರಣಗಳನ್ನು ದಾಖಲಿಸಿ ಸಾರ್ವಜನಿಕರ ಮುಂದಿಟ್ಟಿತು.

ಮತ್ತೆ ನಿಕರಾಗುವಕ್ಕೆ ಬಂದರೆ, ಲಿಯೋನ್ ನಗರದಲ್ಲಿ 2016ರಲ್ಲಿ ಸಮೀಕ್ಷೆಯನ್ನು ಪುನಃ ನಡೆಸಲಾಗಿ, ದೈಹಿಕ ಹಿಂಸೆಯನ್ನು ಅನುಭವಿಸಿದವರ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿದಿದ್ದಿತು. ಆದರೆ 2018ರ ತರುವಾಯ ನಿಕರಾಗುವದ ಸರ್ಕಾರವು ಸಾವಿರಾರು ಸ್ವಯಂಸೇವಾ ಸಂಸ್ಥೆಗಳ ಮಾನ್ಯತೆಯನ್ನು ರದ್ದುಗೊಳಿಸಿತು. ಅವುಗಳಲ್ಲಿ ಮಹಿಳಾ ಸಂಘಟನೆಗಳೂ ಅನೇಕವಿದ್ದುವು.