ಹೊಳೆಯಾಚೆಯ ಹಕ್ಕುಗಳು

1939ರಲ್ಲಿ ಜಮಖಂಡಿ ಸೀಮೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ದೊರೆ ಬದಲಾಗುತ್ತಿದ್ದ. ಜಮಖಂಡಿ, ಬನಹಟ್ಟಿ ಪಟವರ್ಧನರವು, ಬನಹಟ್ಟಿಗೆ ಅಂಟಿಕೊಂಡ ರಬಕವಿ ಸಾಂಗಲಿಯದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರದು. ಕೃಷ್ಣೆಯಾಚೆ, ಬಬಲೇಶ್ವರದ ಬಳಿಯ ಗುಣದಾಳವೋ ದೂರದ ಔಂಧ್ ಸಂಸ್ಥಾನದ ತಾಲೂಕು.

ಆ ವರ್ಷದ ಜನವರಿಯಲ್ಲಿ ಔಂಧ್‌ನ ರಾಜ ಭವಾನರಾವ್ ಪಂತ ಪ್ರತಿನಿಧಿ ತನ್ನ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವ ಸಂವಿಧಾನಕ್ಕೆ ಸಹಿ ಹಾಕಿದರು. ಅದರ ಕರಡನ್ನು ತಿದ್ದಿದವರು ಗಾಂಧೀಜಿ. ರಚನೆಗೆ ಕೈಜೋಡಿಸಿದವರು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದಿದ್ದ, ಪೋಲೆಂಡ್ ಮೂಲದ ಮಾರಿಸ್ ಫ್ರಿಡ್‌ಮನ್. ಮಾತು, ಪತ್ರಿಕೆ, ಸಭೆ, ಪೂಜೆಗಳ ಸ್ವಾತಂತ್ರ್ಯ ಹಾಗೂ ಉಚಿತ ಪ್ರಾಥಮಿಕ ಶಿಕ್ಷಣ ಅದರಲ್ಲಿ ಹಕ್ಕುಗಳಾಗಿ ಬರೆಯಲ್ಪಟ್ಟವು. ಬ್ರಿಟಿಷ್ ಬೀಳಗಿಗೆ ಅನ್ವಯಿಸುತ್ತಿದ್ದ 1935ರ ಕಾಯ್ದೆಯಲ್ಲಿ ಇಂಥ ಮೂಲಭೂತ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ, ನೆರೆಯ ರಾಮದುರ್ಗ ಸಂಸ್ಥಾನದಲ್ಲಿ ಪ್ರಜೆಗಳ ಹೋರಾಟ ರಕ್ತಪಾತಕ್ಕೆ ತಿರುಗಿತು.

ಆದರೂ ಔಂಧ್‌ನ ಬರಹದಲ್ಲಿ ಒಂದು ತೊಡಕಿತ್ತು: ಮತ ಹಾಕಲು ಅಕ್ಷರ ಬಲ್ಲವರಾಗಿರಬೇಕು. ಶಾಲೆಯನ್ನು ಹಕ್ಕೆಂದ ಕಾನೂನೇ ಶಾಲೆ ಕಾಣದವರನ್ನು ಮತಗಟ್ಟೆಯ ಹೊರಗೆ ನಿಲ್ಲಿಸಿತು. ಗುಣದಾಳದ ಅನಕ್ಷರಸ್ಥ ಕೂಲಿಗೆ ಮಾತಾಡುವ ಹಕ್ಕಿತ್ತು, ಆಳುವವರನ್ನು ಆರಿಸುವ ಹಕ್ಕಿರಲಿಲ್ಲ.

1948ರ ಮಾರ್ಚ್ 8ರಂದು ದಖನ್ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1950ರ ಸಂವಿಧಾನ ಹೊಳೆಯ ಎರಡೂ ದಂಡೆಗೆ ಒಂದೇ ಹಕ್ಕು ತಂದಿತು. ಹೆಬ್ಬೆಟ್ಟಿಗೂ ಮತ ಕೊಟ್ಟಿತು. ಔಂಧ್‌ನ ಪ್ರಯೋಗವನ್ನು ನಾವು ಹೊಗಳುವುದು ಸರಿಯೇ. ಆದರೆ ಹಕ್ಕುಗಳ ಯಾವುದೇ ಕರಡನ್ನು ಓದುವಾಗ ಅದು ಯಾರನ್ನು ಹೊರಗಿಟ್ಟಿದೆ ಎಂದು ಮೊದಲು ಹುಡುಕಬೇಕು.